ಹೊಸ್ತಿಲು ದಾಟಿದ ರೂತ್

(ಸಂಘದ ಸಭೆಗೆ ಪಾಠ)

ಓದಿಕೊಳ್ಳಲು: ಪವಿತ್ರ ಬೈಬಲ್, ರೂತಳ ಗ್ರಂಥ, ಅಧ್ಯಾಯ 1 ಮತ್ತು 2



ಸಂಘದಲ್ಲಿ ವಾರ ವಾರ ಉಳಿತಾಯ ಕಟ್ಟುತ್ತೇವೆ, ಸಾಲ ಪಡೆದು ತೀರಿಸುತ್ತೇವೆ. ಇಷ್ಟು ನಮಗೆ ರೂಢಿಯಾಗಿದೆ. ಆದರೆ ಈ ಸಲ ಬ್ಯಾಂಕಿಗೆ ಯಾರು ಹೋಗ್ತೀರಿ, ಗ್ರಾಮಸಭೆಯಲ್ಲಿ ನೀರಿನ ವಿಷಯ ಯಾರು ಮಾತಾಡ್ತೀರಿ ಅಂದ ಕೂಡಲೇ ಎಲ್ಲರೂ ತಲೆ ತಗ್ಗಿಸುತ್ತೇವೆ. “ನಂಗೆ ಓದು ಬರಲ್ಲ”, “ಮನೇಲಿ ಬೈತಾರೆ”, “ಮುಂದಿನ ಸಲ ನೋಡೋಣ” ಅನ್ನುತ್ತೇವೆ. ಈ ಭಯ ಸುಳ್ಳಲ್ಲ. ಗೊತ್ತಿಲ್ಲದ ಕಡೆ ಕಾಲಿಡುವಾಗ ಯಾರಿಗಾದರೂ ಎದೆ ಡವಗುಟ್ಟುತ್ತದೆ. ಹಾಗೆ ಕಾಲಿಟ್ಟ ಒಬ್ಬ ಬಡ ವಿಧವೆಯ ಕಥೆಯನ್ನು ಇಂದು ನೋಡೋಣ.

ರೂತಳ ಕಥೆ

ಬೆತ್ಲೆಹೇಮಿನಲ್ಲಿ ಬರ ಬಂದಾಗ ನವೊಮಿಯ ಕುಟುಂಬ ಮೋವಾಬ್ ನಾಡಿಗೆ ಗುಳೆ ಹೋಯಿತು. ಅಲ್ಲಿ ಅವಳ ಗಂಡ ತೀರಿಕೊಂಡ. ಇಬ್ಬರು ಗಂಡುಮಕ್ಕಳು ಅಲ್ಲಿಯ ಹೆಣ್ಣುಗಳನ್ನು ಮದುವೆಯಾದರು. ಸುಮಾರು 10 ವರ್ಷಗಳ ನಂತರ ಅವರೂ ಸತ್ತರು. ಊರಿಗೆ ಹೊರಟ ನವೊಮಿ, “ನಿಮ್ಮ ತವರಿಗೆ ಹೋಗಿ” ಎಂದು ಸೊಸೆಯಂದಿರನ್ನು ಹರಸಿದಳು. ಒರ್ಪಾ ಅಳುತ್ತಾ ಹಿಂದಿರುಗಿದಳು. ರೂತ್ ಮಾತ್ರ ಅತ್ತೆಯ ಕೈ ಬಿಡಲಿಲ್ಲ. ಅತ್ತೆಯ ಜನರನ್ನೂ ಅತ್ತೆಯ ದೇವರನ್ನೂ ತನ್ನವರೆಂದು ಒಪ್ಪಿಕೊಂಡು, ಕಾಣದ ಊರಿಗೆ ನಡೆದಳು.

ಜವೆಗೋಧಿ ಕೊಯ್ಲಿನ ಹೊತ್ತಿಗೆ ಅವರು ಬೆತ್ಲೆಹೇಮಿಗೆ ಬಂದರು. ಮನೆಯಲ್ಲಿ ಕಾಳಿಲ್ಲ. ರೂತ್ ಹಕ್ಕಲಾಯಲು ಹೊರಟಳು. ಬೋವಜನ ಹೊಲದಲ್ಲಿ ಬೆಳಗಿನಿಂದ ದುಡಿದು, ಸಂಜೆ ಬಡಿದು ನೋಡಿದರೆ ಒಂದು ಏಫಾ ಕಾಳು! ಇಂದಿನ ಲೆಕ್ಕದಲ್ಲಿ ಸುಮಾರು 20 ಲೀಟರ್.

ನಾವು ಕಲಿಯುವುದೇನು?

1. ವಿಶ್ವಾಸ ಅಂದರೆ ಕೈಕಟ್ಟಿ ಕೂರುವುದಲ್ಲ. ರೂತಳಿಗೆ ಆಕಾಶದಿಂದ ದನಿ ಕೇಳಿಸಲಿಲ್ಲ, ದೇವದೂತ ಬರಲಿಲ್ಲ. ಅವಳೇ ಎದ್ದು ಕೆಲಸ ಹುಡುಕಿದಳು. ದೇವರ ನೆರವು ಹೊಲದಲ್ಲಿ, ಮನುಷ್ಯರ ಮೂಲಕ ಬಂತು.

2. ಕೇಳುವುದು ಭಿಕ್ಷೆಯಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಉದುರಿದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂಬುದು ದೇವರು ಕೊಟ್ಟ ಕಾನೂನು (ಯಾಜಕಕಾಂಡ 19:9-10). ರೂತ್ ಅದನ್ನೇ ಕೇಳಿದಳು. ವಿಧವಾ ವೇತನಕ್ಕೋ, ಉದ್ಯೋಗ ಖಾತರಿ ಕೆಲಸಕ್ಕೋ ಅರ್ಜಿ ಕೊಡುವಾಗ ನಾವೂ ಹಕ್ಕನ್ನು ಕೇಳುತ್ತೇವೆ, ಯಾರ ದಯೆಯನ್ನೂ ಅಲ್ಲ.

3. ಧೈರ್ಯದ ಜೊತೆ ಎಚ್ಚರವೂ ಬೇಕು. ರೂತ್ ಅತ್ತೆಗೆ ಹೇಳಿ ಹೊರಟಳು, ಹೊಲದಲ್ಲಿ ಅಪ್ಪಣೆ ಕೇಳಿದಳು, ಬೇರೆ ಹೆಂಗಸರ ಜೊತೆಯಲ್ಲೇ ಇದ್ದಳು. ದೇವರಿದ್ದಾನೆ ಅಂತ ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು, ತೀರಿಸಲಾಗದ ಸಾಲಕ್ಕೆ ಕೈ ಹಾಕುವುದು ವಿಶ್ವಾಸವಲ್ಲ. ಬಡ್ಡಿ ಎಷ್ಟು, ಕಂತು ಎಷ್ಟು ಕೇಳಿ. ಓದು ಬರದಿದ್ದರೆ ಓದಿಸಿಕೊಳ್ಳಿ. ಒಬ್ಬಳೇ ಹೋಗಬೇಡಿ, ಇಬ್ಬರು ಹೋಗಿ.

4. ಹಿಂದೆ ಉಳಿದವಳನ್ನು ಹಂಗಿಸಬಾರದು. ಒರ್ಪಾಳನ್ನು ನವೊಮಿ ಬೈಯಲಿಲ್ಲ. ಸಂಘದಲ್ಲಿ ಒಬ್ಬಳಿಗೆ ಇವತ್ತು ಧೈರ್ಯ ಬರಲಿಲ್ಲವೆಂದರೆ ಅವಳ ಮನೆಯ ಕಷ್ಟ ಅವಳಿಗೇ ಗೊತ್ತು.

5. ದುಃಖ ಹೇಳಿಕೊಂಡರೆ ವಿಶ್ವಾಸ ಹೋಗುವುದಿಲ್ಲ. ಬರಿಗೈಲಿ ಬಂದ ನವೊಮಿ, ದೇವರು ತನ್ನ ಬಾಳನ್ನು ಕಹಿ ಮಾಡಿದನೆಂದು ಊರ ಹೆಂಗಸರ ಮುಂದೆಯೇ ಹೇಳಿದಳು. ದೇವರು ಅವಳನ್ನು ಕೈಬಿಡಲಿಲ್ಲ. ಮುಂದೆ ರೂತಳ ಮಗು ಅವಳ ಮಡಿಲು ತುಂಬಿತು. ಆ ಮಗುವೇ ದಾವೀದ ಅರಸನ ತಾತ. ಪ್ರಭು ಯೇಸುವಿನ ವಂಶಾವಳಿಯಲ್ಲಿ ಈ ಪರದೇಶಿ ಸೊಸೆಯ ಹೆಸರಿದೆ (ಮತ್ತಾಯ 1:5).

ಹೊರಟ ದಿನ ರೂತಳಿಗೆ ಇದೊಂದೂ ಗೊತ್ತಿರಲಿಲ್ಲ. ಅವಳಿಗೆ ಕಂಡದ್ದು ಮುಂದಿನ ಒಂದು ಹೆಜ್ಜೆ ಮಾತ್ರ. ನಮಗೂ ಅಷ್ಟು ಸಾಕು.

ಚರ್ಚಿಸೋಣ

* ಯಾವ ಕೆಲಸಕ್ಕೆ ನಾವು “ಮುಂದಿನ ಸಲ” ಅನ್ನುತ್ತಾ ಬಂದಿದ್ದೇವೆ? ಕಾರಣವೇನು?
* ನಮ್ಮ ಸಂಘದಲ್ಲಿ ನವೊಮಿಯಂತೆ ನೊಂದವರು ಯಾರು? ಅವರ ಜೊತೆ ಯಾರು ನಡೆಯುತ್ತೀರಿ?

ಈ ತಿಂಗಳ ನಿರ್ಧಾರ

ಇದುವರೆಗೆ ಬ್ಯಾಂಕಿಗೆ ಹೋಗದ ಒಬ್ಬ ಸದಸ್ಯೆಯನ್ನು ಹೋಗಿ ಬಂದವರ ಜೊತೆ ಕಳಿಸೋಣ. ಅವಳು ಮುಂದಿನ ಸಭೆಯಲ್ಲಿ ವರದಿ ಹೇಳಲಿ.

ಪ್ರಾರ್ಥನೆ

ದಯಾಮಯ ದೇವರೇ, ರೂತಳ ದಾರಿಯಲ್ಲಿ ಜೊತೆಗಿದ್ದಂತೆ ನಮ್ಮ ಜೊತೆಯೂ ಇರಿ. ಕೇಳುವ ಬಾಯಿ, ದುಡಿಯುವ ಕೈ, ಜೊತೆಗಾತಿಯನ್ನು ಬಿಡದ ಮನಸ್ಸು ನಮಗೆ ಕೊಡಿ. ಆಮೆನ್.