ಎಣ್ಣೆ ಬಂದಾಗ ಕಣ್ಣು ಮುಚ್ಚಬೇಡ

ತಮ್ಮಾ, ಮೊನ್ನೆ ನೀನು ಜೀಪಿನ ಬಾನೆಟ್ ಎತ್ತಿ ಆ ನೀಲಿ ಡಬ್ಬಿ ತೋರಿಸಿದೆಯಲ್ಲ, ಹೊಸ ಅಳಿಯ ಬೆರಳಿನ ಉಂಗುರ ತೋರಿಸಿದ ಹಾಗಿತ್ತು. ‘ಆಯಿಲ್ ಕ್ಯಾಚ್ ಕ್ಯಾನ್ ತಾತಾ, ಕಲ್ಲುಗುಡ್ಡ ಹತ್ತೋ ಗಾಡಿಗೆ ಇದು ಬೇಕೇ ಬೇಕು’ ಅಂದೆ. ಡಬ್ಬಿ ಚೆಂದವೇ ಇತ್ತು. ನಾನು ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಕ್ಕಿತ್ತು. ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದೆ. ಬೊಗಸೆ ತುಂಬ ಎರೆಮಣ್ಣಿನ ಧೂಳು ಉದುರಿತು, ಜೊತೆಗೆ ಅರಳೆಯ ಎಳೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ನಾಲಿಗೆ ತುದಿಗೆ ಬಂತು. ನಿನ್ನ ಗೆಳೆಯರು ನಿಂತಿದ್ದರು, ನುಂಗಿಕೊಂಡೆ. ಈಗ ನಾವಿಬ್ಬರೇ ಇದ್ದೇವೆ, ಕೇಳು.

ಡಬ್ಬಿ ಬೇಡ ಅನ್ನುವ ಮುದುಕ ನಾನಲ್ಲ. ಅದು ಏನು ಹಿಡಿಯುತ್ತದೆ ಅನ್ನೋದು ನಿನಗೆ ಗೊತ್ತಿರಲಿ ಅಷ್ಟೆ. ಪಿಸ್ಟನ್ನಿನ ರಿಂಗು ಎಷ್ಟೇ ಬಿಗಿ ಇರಲಿ, ಉರಿದ ಗಾಳಿ ಒಂದಿಷ್ಟು ಅದರ ಸಂದಿನಿಂದ ಕೆಳಕ್ಕೆ ನುಸುಳಿಯೇ ನುಸುಳುತ್ತದೆ. ಟರ್ಬೊ ಇರುವ ಡೀಸೆಲ್ ಎಂಜಿನ್ನಿನಲ್ಲಿ ಉರಿಯುವ ಹೊತ್ತಿನ ಒತ್ತಡ ಹೊರಗಿನ ಗಾಳಿಯ ನೂರು ಪಟ್ಟು ದಾಟುತ್ತದೆ. ಅದನ್ನು ಪೂರ್ತಿ ತಡೆಯುವ ರಿಂಗು ಇನ್ನೂ ಹುಟ್ಟಿಲ್ಲ. ಗ್ಯಾರೇಜಿನವರು ಇದನ್ನು ಬ್ಲೋ-ಬೈ ಅನ್ನುತ್ತಾರೆ. ಕೆಳಗೆ ಕ್ರ್ಯಾಂಕ್ ತಿರುಗುತ್ತಾ ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತಿರುತ್ತದೆ. ನುಸುಳಿದ ಗಾಳಿ ಆ ಎಣ್ಣೆಯ ಹನಿ, ನೀರಿನ ಆವಿ, ಮಸಿ ಎಲ್ಲ ಹೊತ್ತುಕೊಂಡು ಹೊರಗೆ ಬರಲು ದಾರಿ ಹುಡುಕುತ್ತದೆ. ಆ ದಾರಿಯೇ ಬ್ರೀದರ್ ಪೈಪು. ಎಂಜಿನ್ನಿನ ಮೂಗು ಅಂದುಕೋ.

ನಮ್ಮ ಕಾಲದ ಜೀಪುಗಳಲ್ಲಿ ಆ ಪೈಪು ನೆಟ್ಟಗೆ ನೆಲಕ್ಕೆ ಮುಖ ಮಾಡಿರುತ್ತಿತ್ತು. ಗಾಡಿ ನಿಂತಲ್ಲೆಲ್ಲ ಕರಿ ಚುಕ್ಕೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದವರು, ಈ ಹೊಗೆ ಊರ ಗಾಳಿಗೆ ಬಿಡಬೇಡಿ, ಎಂಜಿನ್ನಿಗೇ ವಾಪಸ್ ಕುಡಿಸಿ ಅಂತ ಕಾರು ಮಾಡುವವರಿಗೆ ಹಟ ಹಿಡಿದರು. ಈಗ ನಮ್ಮಲ್ಲೂ ಅದೇ ನಿಯಮ. ನಿನ್ನ ಗಾಡಿಯ ಬ್ರೀದರ್ ಪೈಪು ಟರ್ಬೊ ಗಾಳಿ ಎಳೆಯುವ ಬಾಯಿಗೆ ಸೇರುತ್ತದೆ. ಎಣ್ಣೆ ಮಂಜು ಅಲ್ಲಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗಿ ತಳದಲ್ಲಿ ನಿಲ್ಲುತ್ತದೆ. ಮುಂದೆ, ಉರಿದ ಹೊಗೆಯನ್ನು ಒಂದಿಷ್ಟು ಎಂಜಿನ್ನಿಗೇ ತಿರುಗಿಸುವ ಇಜಿಆರ್ ಕಳಿಸುವ ಮಸಿ ಬಂದು ಕೂಡಿಕೊಳ್ಳುತ್ತದೆ. ನಿಮ್ಮಜ್ಜಿಯ ಸೌದೆ ಒಲೆ ಮನೆಯ ಜಂತಿಯಲ್ಲಿ ಇಲ್ಲಣ ಜೋತಾಡುತ್ತಿತ್ತು, ನೋಡಿದ್ದೀಯಲ್ಲ? ಒಗ್ಗರಣೆ ಹೊಗೆಯೂ ಮಸಿಯೂ ಸೇರಿ ಕಟ್ಟಿದ್ದು ಅದು. ಎಂಜಿನ್ನಿನ ಗಾಳಿ ದಾರಿಯಲ್ಲೂ ಅದೇ ಇಲ್ಲಣ ಕಟ್ಟುತ್ತದೆ. ದಾರಿ ಕಿರಿದಾದಂತೆ ಗಾಡಿ ಮಂಕಾಗುತ್ತದೆ.

ಡಬ್ಬಿಯ ಕೆಲಸ ಇಲ್ಲಿಗೆ ಬಂತು. ಅನ್ನ ಕುದಿಯುವಾಗ ಮುಚ್ಚಳಕ್ಕೆ ಆವಿ ತಗುಲಿ ಹನಿಯಾಗಿ ಕೆಳಗೆ ಬೀಳುತ್ತದಲ್ಲ, ಅಷ್ಟೇ ವಿದ್ಯೆ. ಒಳಗಿನ ತಡೆಗೂ ಜಾಲರಿಗೂ ಡಿಕ್ಕಿ ಹೊಡೆದು ಎಣ್ಣೆ ಹನಿ ತಳಕ್ಕೆ ಇಳಿಯುತ್ತದೆ, ಹಗುರಾದ ಗಾಳಿ ಮುಂದೆ ಹೋಗುತ್ತದೆ. ಓಟದ ಕಾರುಗಳಿಗೆ ಎಣ್ಣೆ ಹಾದಿಗೆ ಚೆಲ್ಲಬಾರದು ಅಂತ ಇದು ಕಡ್ಡಾಯ: 2000 ಸಿಸಿವರೆಗೆ 2 ಲೀಟರ್, ಅದಕ್ಕೂ ಮೇಲೆ 3 ಲೀಟರ್ ಹಿಡಿಯುವ ಡಬ್ಬಿ ಇರಬೇಕು. ನಿನ್ನದು ಅರ್ಧ ಲೀಟರಿನದು, ಇರಲಿ. ನೀನು ಓಟಕ್ಕೆ ಹೋಗುವವನಲ್ಲ, ಆದವಾನಿ ಕೋಟೆ ಬೆಟ್ಟದ ಬಂಡೆ ಹತ್ತಿ ಫೋಟೊ ತೆಗೆಸಿಕೊಳ್ಳುವವನು.

ಈಗ ನನ್ನ ಪೆದ್ದುತನ ಒಂದು ಹೇಳುತ್ತೇನೆ. ನಗು, ಪರವಾಗಿಲ್ಲ. ನನಗೆ ಆಗ ಇಪ್ಪತ್ತೆರಡು. ಬಾಡಿಗೆ ಜೀಪು ಓಡಿಸುತ್ತಿದ್ದೆ. ರಾತ್ರಿ ಮನೆ ಮುಂದೆ ನಿಲ್ಲಿಸಿದರೆ ಬೆಳಿಗ್ಗೆಗೆ ನಮ್ಮವ್ವನ ರಂಗೋಲಿ ಜಾಗದಲ್ಲಿ ಎಣ್ಣೆ ಕಲೆ. ದಿನಾ ಬೈಗುಳ. ಒಂದು ದಿನ ಸಿಟ್ಟಿಗೆ ಹಳೇ ಪಂಚೆಯ ಚೂರು ಸುತ್ತಿ ಬ್ರೀದರ್ ಪೈಪಿನ ಬಾಯಿಗೆ ಗಟ್ಟಿಯಾಗಿ ತುರುಕಿದೆ. ಕಲೆ ನಿಂತಿತು, ಅವ್ವ ಖುಷಿಪಟ್ಟಳು. ಮರುದಿನ ಶ್ರಾವಣದ ಸೋಮವಾರ. ಉರುಕುಂದದ ಈರಣ್ಣಸ್ವಾಮಿ ಗುಡಿಗೆ ಹೋಗುವ ಮಂದಿಯನ್ನು ತುಂಬಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಬಾನೆಟ್ ಒಳಗೆ ಠಪ್ ಅಂತ ಸದ್ದು. ಎತ್ತಿ ನೋಡಿದರೆ ಡಿಪ್‌ಸ್ಟಿಕ್ ತಾನಾಗಿ ಎದ್ದು ಹೊರಗೆ ಬಂದಿದೆ, ಎಂಜಿನ್ ಮೈತುಂಬ ಎಣ್ಣೆ. ಒಳಗಿನ ಗಾಳಿಗೆ ಮೂಗು ಮುಚ್ಚಿದ್ದೆನಲ್ಲ, ಸಿಕ್ಕ ಕಡೆ ಒಡೆದುಕೊಂಡು ಬಂದಿತ್ತು. ಹಿಂದಿನ ಆಯಿಲ್ ಸೀಲೂ ಹೋಗಿತ್ತು. ಮಂದಿ ನಡೆದುಕೊಂಡು ದೇವರಿಗೆ ಹೋದರು, ಹೋಗುವಾಗ ನನ್ನ ಮುಖ ನೋಡಿಕೊಂಡೇ ಹೋದರು. ಹೊಸ ಸೀಲು ತರಬೇಕಿತ್ತು. 1953ರ ಅಕ್ಟೋಬರ್ 1ಕ್ಕೇ ಆದವಾನಿ, ಆಲೂರು ತಾಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದ್ದವು. ಕಚೇರಿ ಕೆಲಸಕ್ಕೆ ಕರ್ನೂಲು, ಜೀಪಿನ ಸೀಲಿಗೆ ಮಾತ್ರ ನಮಗೆ ಬಳ್ಳಾರಿಯೇ ಗತಿ. ಹಗರಿ ಹೊಳೆ ದಾಟಿ ಹೋಗಿ ತಂದೆ. ಒಂದು ಚಿಂದಿ ಬಟ್ಟೆಗೆ ಒಂದು ವಾರದ ಬಾಡಿಗೆ ತೆತ್ತೆ.

ಆದ್ದರಿಂದ ಮೊದಲ ಮಾತು: ಆ ಮೂಗು ಯಾವ ಕಾರಣಕ್ಕೂ ಕಟ್ಟಬಾರದು. ಕ್ಯಾನಿಗೆ ಹಾಕುವ ಪೈಪು ಕಂಪನಿ ಪೈಪಿಗಿಂತ ಸಣ್ಣದಿರಬಾರದು. ತೋಟಕ್ಕೆ ನೀರು ಬಿಡುವ ಪೈಪು ಬೇಡವೇ ಬೇಡ. ಬಿಸಿ ಎಣ್ಣೆಗೆ ಮೆತ್ತಗಾಗಿ ಒಳಗೇ ಅಂಟಿಕೊಳ್ಳುತ್ತದೆ. ಪೈಪು ನಡುವೆ ಜೋತುಬೀಳದಂತೆ ನೋಡಿಕೋ, ಆ ಹೊಟ್ಟೆಯಲ್ಲಿ ನೀರೂ ಎಣ್ಣೆಯೂ ನಿಂತರೆ ಮತ್ತೆ ನನ್ನ ಪಂಚೆ ಕಥೆಯೇ. ಅಗ್ಗದ ಡಬ್ಬಿ ಕೊಂಡು ಒಳಗೆ ಪಾತ್ರೆ ತಿಕ್ಕುವ ತಂತಿ ನಾರು ತುರುಕುವ ಬುದ್ಧಿವಂತರಿದ್ದಾರೆ. ಆ ತಂತಿಯ ಚೂರು ಕಿತ್ತು ಟರ್ಬೊಗೆ ಹೋದರೆ, ಉಳಿಸಿದ ನೂರು ರೂಪಾಯಿಗೆ ಹಿಂದೆ ಎಷ್ಟು ಸೊನ್ನೆ ಸೇರುತ್ತವೆ ಅಂತ ಗ್ಯಾರೇಜಿನವನೇ ಹೇಳುತ್ತಾನೆ. ಡಬ್ಬಿಯನ್ನು ಅಲ್ಲಾಡುವ ಎಂಜಿನ್ನಿಗಲ್ಲ, ಗಾಡಿಯ ಮೈಗೆ ಬಿಗಿ. ಟರ್ಬೊ, ಸೈಲೆನ್ಸರ್ ಪೈಪಿನ ಕಾವಿನಿಂದ ದೂರ ಇಡು, ಅದು ಎಣ್ಣೆ ಡಬ್ಬಿ ಅನ್ನೋದು ನೆನಪಿರಲಿ. ಡಬ್ಬಿಯಿಂದ ಹೊರಡುವ ಇನ್ನೊಂದು ಪೈಪನ್ನು ಟರ್ಬೊ ಬಾಯಿಗೇ ಸೇರಿಸು, ಗಾಳಿಗೆ ಬಿಡಬೇಡ. ಗಾಡಿ ವಾರಂಟಿಯಲ್ಲಿದ್ದರೆ ಸ್ಪ್ಯಾನರ್ ಹಿಡಿಯುವ ಮೊದಲೇ ಕೇಳು. ಆಮೇಲೆ ಕೇಳಿದರೆ ಸಿಗುವ ಉತ್ತರ ನಿನಗೆ ಹಿಡಿಸುವುದಿಲ್ಲ.

ಎರಡನೆಯದು, ಡಬ್ಬಿಗಿಂತ ಮುಂಚೆ ಫಿಲ್ಟರ್. ನಮ್ಮದು ಎರೆಹೊಲದ ಸೀಮೆ. ಮಳೆಗೆ ಮಣ್ಣು ಚಕ್ರ ಬಿಡುವುದಿಲ್ಲ, ಬೇಸಿಗೆಗೆ ಹಿಟ್ಟಾಗಿ ಹಾರುತ್ತದೆ. ಹತ್ತಿ ಸುಗ್ಗಿಯಲ್ಲಿ ಮಾರ್ಕೆಟ್ ಯಾರ್ಡಿನ ಸುತ್ತ, ಜಿನ್ನಿಂಗ್ ಮಿಲ್ಲುಗಳ ಹಿಂದೆ ಓಡಾಡಿದರೆ ರೇಡಿಯೇಟರಿಗೆ ಅರಳೆ ಅಂಗಿ ತೊಡಿಸಿದಂತಾಗುತ್ತದೆ. ಎಂಜಿನ್ ಕಾದರೆ ನೀನು ಕೂಲೆಂಟನ್ನು ಬೈಯುತ್ತೀಯ. ಕಟ್ಟಿದ ಫಿಲ್ಟರಿನ ಸಂದಿನಿಂದ ಧೂಳು ಒಳಗೆ ಹೋಯಿತೋ, ರಿಂಗನ್ನು ಸಾಣೆ ಹಿಡಿದಂತೆ ಸವೆಸುತ್ತದೆ. ರಿಂಗು ಸವೆದರೆ ಬ್ಲೋ-ಬೈ ಹೆಚ್ಚು, ಬ್ಲೋ-ಬೈ ಹೆಚ್ಚಿದರೆ ನಿನ್ನ ಡಬ್ಬಿ ಬೇಗ ತುಂಬುತ್ತದೆ. ಆಗ ನೀನು ಇನ್ನೂ ದೊಡ್ಡ ಡಬ್ಬಿ ಕೊಳ್ಳುತ್ತೀಯ! ಸೋರುವ ಮಾಳಿಗೆಗೆ ಮಣ್ಣು ಹಾಕುವುದು ಬಿಟ್ಟು ಕೆಳಗೆ ದೊಡ್ಡ ಹಂಡೆ ಇಡುವವರ ಜಾತಿ ನಿಮ್ಮದು.

ರಿಂಗಿನ ಗತಿ ತಿಳಿಯಲು ದುಡ್ಡು ಬೇಡ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಡು. ಆಯಿಲ್ ತುಂಬುವ ಮುಚ್ಚಳ ಬಿಚ್ಚಿ, ಬೋರಲು ಮಾಡಿ ಅದೇ ತೂತಿನ ಮೇಲೆ ಸುಮ್ಮನೆ ಇಡು. ಕೈಗೆ ಬಟ್ಟೆ ಇರಲಿ, ಹನಿ ಸಿಡಿದೀತು. ಮುಚ್ಚಳ ಕೂತಲ್ಲೇ ಸಣ್ಣಗೆ ನಡುಗಿದರೆ ಸರಿ. ಎಗರಿ ಕುಣಿದು ಕೆಳಗೆ ಬಿದ್ದರೆ, ಪುಸು ಪುಸು ಹೊಗೆ ಬಂದರೆ, ಎಂಜಿನ್ ಬಿಚ್ಚುವ ಕಾಲ ಹತ್ತಿರ ಬಂತು. ಆ ರೋಗಕ್ಕೆ ಡಬ್ಬಿ ಮದ್ದಲ್ಲ.

ಇನ್ನು ಆ ಒಂದು ಬೆರಳು ಹೆಚ್ಚಿನ ಆಯಿಲ್. ‘ಇರಲಿ ತಾತಾ, ಸ್ವಲ್ಪ ಜಾಸ್ತಿ’ ಅಂದೆಯಲ್ಲ, ಪಾಯಸಕ್ಕೆ ತುಪ್ಪ ಹಾಕಿದಂತೆ! ಜಾಸ್ತಿಯಾದರೆ ಕ್ರ್ಯಾಂಕು ಅದನ್ನು ನೊರೆ ಎಬ್ಬಿಸುತ್ತದೆ. ಬಂಡೆ ಹತ್ತುವಾಗ ಗಾಡಿ ಒಂದು ಕಡೆ ವಾಲಿದರೆ ಎಣ್ಣೆ ಬ್ರೀದರಿನ ಬಾಯಿಗೇ ಬಂದು ನಿಲ್ಲುತ್ತದೆ, ಅಲ್ಲಿಂದ ಡಬ್ಬಿಗೆ, ಡಬ್ಬಿ ತುಂಬಿದರೆ ಟರ್ಬೊಗೆ. ಡೀಸೆಲ್ ಎಂಜಿನ್ನಿಗೆ ಎಂಜಿನ್ ಆಯಿಲೂ ಉರುವಲೇ. ಹಾಗೆ ಎಣ್ಣೆ ಕುಡಿಯಲು ಶುರುವಾದರೆ ತಾನೇ ರೇಸ್ ಏರುತ್ತದೆ, ಕೀಲಿ ತೆಗೆದರೂ ನಿಲ್ಲುವುದಿಲ್ಲ. ಅಂಥ ಹೊತ್ತಿನಲ್ಲಿ ಬ್ರೇಕ್ ಒತ್ತಿ ಹಿಡಿದು, ಟಾಪ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟುಬಿಡು. ಭಾರ ತಾಳದೆ ನಿಲ್ಲುತ್ತದೆ. ಇಲ್ಲವೇ ಗಾಳಿ ಎಳೆಯುವ ಬಾಯಿಗೆ ಗಟ್ಟಿ ಹಲಗೆ ಒತ್ತು. ಕೈ ಮಾತ್ರ ಇಡಬೇಡ. ಅದರ ಸೆಳೆತ ನಿನ್ನ ಶೌರ್ಯಕ್ಕಿಂತ ದೊಡ್ಡದು.

ಇಷ್ಟೆಲ್ಲ ಹೇಳಿದ್ದು ಒಂದೇ ಮಾತಿಗೆ ಪೀಠಿಕೆ. ಡಬ್ಬಿ ಹಾಕೋದು ಒಂದು ಮಧ್ಯಾಹ್ನದ ಕೆಲಸ, ಖಾಲಿ ಮಾಡೋದು ಗಾಡಿ ಇರುವ ತನಕದ ಕೆಲಸ. ನೀನು ಮೊದಲನೆಯದರಲ್ಲಿ ಗಟ್ಟಿಗ. ಎರಡನೆಯದಕ್ಕೆ ನಿನ್ನ ಹತ್ತಿರ ಟೈಮಿಲ್ಲ. ಪಾಟಿಚೀಲ ತೊಳೆಯದೆ ಹೊಸದು ಕೇಳುತ್ತಿದ್ದ ಹುಡುಗ ನೀನು, ನನಗೆ ಗೊತ್ತಿಲ್ಲವೇ? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಅನ್ನುವ ಗಾದೆ ಹಿಂದಿನವರು ಬೇರೆ ಅರ್ಥಕ್ಕೆ ಮಾಡಿದ್ದು. ಇಲ್ಲಿ ಮಾತ್ರ ಅದು ಅಕ್ಷರಶಃ ನಿಜ. ಎಣ್ಣೆ ಬಂದು ತಳದಲ್ಲಿ ಕೂತಿದೆ, ಬಗ್ಗಿ ನೋಡುವವರಿಲ್ಲ.

ಗುಡ್ಡಕ್ಕೆ ಹೋಗಿಬಂದ ಪ್ರತಿ ಸಲ ತಳದ ನಲ್ಲಿ ತಿರುಗಿಸು. ರಸ್ತೆಯಲ್ಲೇ ಓಡಿದರೆ ಸಾವಿರ ಕಿಲೋಮೀಟರಿಗೆ ಒಮ್ಮೆ ನೋಡು. ಎಷ್ಟು ಚಮಚ ಬಂತು ಅಂತ ಬರೆದಿಡು. ಮೊದಲ ಎರಡು ಮೂರು ಸಲ ಬಂದದ್ದು ನಿನ್ನ ಗಾಡಿಯ ಅಳತೆ. ಮುಂದೆ ಒಮ್ಮೆಲೇ ಎರಡು ಪಟ್ಟು ಬಂದರೆ ಏನೋ ಹೇಳುತ್ತಿದೆ, ಕೇಳಿಸಿಕೋ. ಚಳಿಗಾಲದಲ್ಲಿ ಹತ್ತಿರ ಹತ್ತಿರದ ಓಡಾಟವೇ ಆಗಿದ್ದರೆ ಹಾಲು ಹೆಚ್ಚಾದ ಚಹಾದ ಬಣ್ಣದ ನೀರು ಬರುತ್ತದೆ. ಹೆದರಬೇಡ, ಆವಿ ತಣ್ಣಗಾಗಿ ಎಣ್ಣೆಗೆ ಬೆರೆತದ್ದು. ಅದೇ ಬಣ್ಣ ಡಿಪ್‌ಸ್ಟಿಕ್ಕಿನಲ್ಲೂ ಕಂಡು, ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಮಾತ್ರ ಹೆದರು. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಬಂದ ಎಣ್ಣೆಯನ್ನು ‘ಯಾಕೆ ದಂಡ’ ಅಂತ ಎಂಜಿನ್ನಿಗೆ ವಾಪಸ್ ಸುರಿಯಬೇಡ, ಅದು ನೀರು ಮಸಿ ಕೂಡಿದ ಮಡ್ಡಿ. ಹಳ್ಳಕ್ಕೂ ಚೆಲ್ಲಬೇಡ, ದನ ನೀರು ಕುಡಿಯುವ ಜಾಗ ಅದು. ಬಾಟಲಿಗೆ ತುಂಬಿ, ಹಳೇ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಡು.

ನಮ್ಮಜ್ಜ ಎರಡೆತ್ತಿನ ಬಂಡಿಯಲ್ಲಿ ಆದವಾನಿಗೆ ಹತ್ತಿ ತರುತ್ತಿದ್ದ. ಬಂಡಿಯ ಕೆಳಗೆ ಒಂದು ಬಿದಿರು ಗೊಟ್ಟ ಜೋತಾಡುತ್ತಿತ್ತು, ಅದರೊಳಗೆ ಕೀಲೆಣ್ಣೆ. ಎತ್ತಿಗೆ ನೀರು ಕುಡಿಸಲು ನಿಲ್ಲಿಸಿದಾಗೆಲ್ಲ ಮುದುಕ ಬಗ್ಗಿ, ಗೊಟ್ಟದಲ್ಲಿ ಕಡ್ಡಿ ಅದ್ದಿ, ಅಚ್ಚಿಗೆ ಎರಡು ಹನಿ ಸವರುತ್ತಿದ್ದ. ಎಣ್ಣೆ ಸವರಿ ಆದ ಮೇಲೆ ಅಲ್ಲೇ ಕೂತು ಕೀಲು ಸಡಿಲಾಗಿದೆಯೇ, ಪಟ್ಟಿ ಬಿಟ್ಟಿದೆಯೇ ಅಂತ ಚಕ್ರ ಸವರಿ ನೋಡುತ್ತಿದ್ದ. ಎಣ್ಣೆ ಒಂದು ನೆಪ ಅನ್ನಿಸುತ್ತದೆ ನನಗೀಗ. ನಿನ್ನ ನೀಲಿ ಡಬ್ಬಿಯೂ ಅಂಥ ನೆಪವಾದರೆ ಕೊಟ್ಟ ದುಡ್ಡು ಸಾರ್ಥಕ. ಅದನ್ನು ಖಾಲಿ ಮಾಡಲು ಬಗ್ಗಿದವನಿಗೆ ಸಡಿಲಾದ ಕ್ಲಿಪ್ಪೂ ಬಿರಿದ ಬೆಲ್ಟೂ ತಾವಾಗಿ ಕಣ್ಣಿಗೆ ಬೀಳುತ್ತವೆ.

ಭಾನುವಾರ ಗಾಡಿ ತಗೊಂಡು ಬಾ. ಹೊಸ ಫಿಲ್ಟರ್ ತಾ, ಒಂದು ಹಳೇ ಬಾಟಲಿಯೂ ಇರಲಿ. ಡಬ್ಬಿಯ ಹೊರಗಿನ ಬಣ್ಣ ನಿನ್ನ ಗೆಳೆಯರು ನೋಡಿ ಆಯಿತು. ಒಳಗೆ ಏನು ಬಂದಿದೆ ಅನ್ನೋದನ್ನ ನನಗೆ ತೋರಿಸು.