ಓಎಸ್‌ಎಸ್: ದೂರಸಂಪರ್ಕದ ತೆರೆಮರೆಯ ತಂತ್ರಾಂಶ

ಜಾಲದ ದೋಷ ಪತ್ತೆ, ಹೊಸ ಸಂಪರ್ಕ ಚಾಲನೆ, ಉಪಕರಣಗಳ ದಾಖಲೆ ಇವೆಲ್ಲ ಓಎಸ್‌ಎಸ್ (ಆಪರೇಷನ್ಸ್ ಸಪೋರ್ಟ್ ಸಿಸ್ಟಮ್) ಕೆಲಸ. ಬಿಲ್, ಗ್ರಾಹಕರ ಖಾತೆ ಬಿಎಸ್‌ಎಸ್ (ಬಿಸಿನೆಸ್ ಸಪೋರ್ಟ್ ಸಿಸ್ಟಮ್) ಪಾಲಿಗೆ, ಎರಡನ್ನೂ ಕಲಸಿಕೊಳ್ಳಬೇಡಿ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಶಿಫಾರಸು ಎಂ.3400 ಜಾಲ ನಿರ್ವಹಣೆಯನ್ನು ದೋಷ, ಸಂರಚನೆ, ಲೆಕ್ಕ, ಕಾರ್ಯಕ್ಷಮತೆ, ಭದ್ರತೆ ಎಂದು ಐದಾಗಿ ವಿಂಗಡಿಸುತ್ತದೆ. ಈ ಐದರ ಇಂಗ್ಲಿಷ್ ಮೊದಲಕ್ಷರಗಳಿಂದ ಬಂದ ಹೆಸರು: ಎಫ್‌ಕ್ಯಾಪ್ಸ್.

ಹಳೆಯ ತೊಡಕೆಂದರೆ, ಒಂದೊಂದು ಕಂಪನಿಯ ಉಪಕರಣಕ್ಕೂ ಬೇರೆ ಬೇರೆ ತಂತ್ರಾಂಶ. ಒಂದು ಫೈಬರ್ ತುಂಡಾದರೆ ನೂರಾರು ಅಲಾರಂ ಒಟ್ಟಿಗೆ ಬರುತ್ತವೆ, ಕಾರಣ ಮಾತ್ರ ಒಂದೇ. ಅವನ್ನು ತಾಳೆ ಹಾಕಿ ಮೂಲ ಹುಡುಕುವುದೇ ಓಎಸ್‌ಎಸ್ ಸುಧಾರಣೆಯ ತಿರುಳು. ಹೊಸ ಪರದೆ, ಬಣ್ಣದ ನಕ್ಷೆ ಆಮೇಲಿನ ಮಾತು. ತಂತ್ರಾಂಶಗಳು ಪರಸ್ಪರ ಮಾತಾಡಲೆಂದು ದೂರಸಂಪರ್ಕ ಉದ್ಯಮದ ಸಂಘಟನೆ ಟಿಎಂ ಫೋರಂ ಓಪನ್ ಎಪಿಐಗಳನ್ನು ರೂಪಿಸಿದೆ. ಇಟಾಮ್ ಪ್ರಕ್ರಿಯಾ ಚೌಕಟ್ಟೂ ಅದರದೇ.

ಇಂಥ ಹೊಂದಾಣಿಕೆ ಏಕೆ ಬೇಕೆನ್ನಲು ಒಂದು ಉದಾಹರಣೆ: ಭಾರತದಲ್ಲಿ ಮೊಬೈಲ್ ನಂಬರ್ ಪೋರ್ಟಬಿಲಿಟಿ (ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ) 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಆರಂಭವಾಗಿ, 2011ರ ಜನವರಿ 20ರಂದು ದೇಶಕ್ಕೆ ವಿಸ್ತರಿಸಿತು. ಕಂಪನಿಗಳ ವ್ಯವಸ್ಥೆಗಳು ಹೊಂದಿಕೊಳ್ಳದೆ ಇದು ನಡೆಯದು.