ವಾಡೆ ನೋಡುವ ಬಗೆ

ಬೋರಗಾಂವ, ಸದಲಗಾ, ನಿಪ್ಪಾಣಿ ಸೀಮೆಗೆ ಬಂದು ದೇಸಾಯರ, ಇನಾಮದಾರರ ಹಳೆಯ ವಾಡೆ ನೋಡಬೇಕೆನ್ನುವವರಿಗೆ ನಾನು ಮೊದಲು ಹೇಳುವ ಮಾತು: ಕಂಬದ ಕೆತ್ತನೆ ಆಮೇಲೆ ನೋಡಿರಿ. ಈ ಮನೆಯೊಳಗೆ ಯಾರು ಎಲ್ಲಿಯವರೆಗೆ ಬರಬಹುದಿತ್ತು ಎಂಬುದನ್ನು ಮೊದಲು ಗಮನಿಸಿರಿ. ಕಟ್ಟಿಸಿದವರು ನಕ್ಷೆ ಹಾಕಿದ್ದೇ ಆ ಲೆಕ್ಕದ ಮೇಲೆ.

ಹೆಬ್ಬಾಗಿಲಿನಲ್ಲೇ ಒಂದು ಸಣ್ಣ ದಿಂಡಿ ಬಾಗಿಲು ಇರುತ್ತದೆ. ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ದಾಟಿದರೆ ದೇವಡಿ, ಅಲ್ಲಿ ಕಾವಲಿನವರು. ಮುಂದೆ ಹೊರಚೌಕ. ಸಾರಾದ ಲೆಕ್ಕ, ರೈತರ ತಂಟೆ ತಕರಾರು ಎಲ್ಲ ಅಲ್ಲಿಯ ಸದರಿನಲ್ಲಿ. ಹೆಣ್ಣುಮಕ್ಕಳು, ಅಡಿಗೆಮನೆ, ದೇವರಕೋಣೆ, ತುಳಸಿಕಟ್ಟೆ ಒಳಚೌಕಕ್ಕೆ ಸೇರಿದವು. ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಹೆಬ್ಬಾಗಿಲೇ ಕೊನೆ. ವಾಡೆಯ ಚೆಲುವು ವರ್ಣಿಸುವವರು ಇದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. 1925ರಲ್ಲಿ ಅಂಬೇಡ್ಕರರು ಬಹಿಷ್ಕೃತರ ಪರಿಷತ್ತಿಗೆ ಬಂದದ್ದು ಇದೇ ನಿಪ್ಪಾಣಿಗೆ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಜಮೀನ್ದಾರರ ಹಳ್ಳಿಮನೆಗಳಲ್ಲೂ ಇದೇ ಚಿಂತೆ. ವಾಸ್ತುಶಿಲ್ಪಿ ರಾಬರ್ಟ್ ಕೆರ್ 1864ರಲ್ಲಿ ಬರೆದ ಪುಸ್ತಕದಲ್ಲಿ, ಮನೆಯವರೂ ಆಳುಗಳೂ ಒಬ್ಬರ ಕಣ್ಣಿಗೆ ಒಬ್ಬರು ಬೀಳದಂತೆ ಕಟ್ಟಬೇಕೆಂದು ವಿಧಿಸಿದ. ಮರುವರ್ಷ ಅವನು ಬರ್ಕ್‌ಷೈರಿನಲ್ಲಿ ಆರಂಭಿಸಿದ ಬೇರ್‌ವುಡ್ ಮನೆಯಲ್ಲಿ ಆಳುಗಳಿಗೆ ಬೇರೆ ಮೆಟ್ಟಿಲು, ಬೇರೆ ಓಣಿ. ಅಲ್ಲಿ ಓಣಿಗಳು ಮಾಡಿದ ಕೆಲಸವನ್ನು ಇಲ್ಲಿ ಚೌಕಗಳು ಮಾಡಿದವು. ಜೊತೆಗೆ ಬೆಳಕು, ಗಾಳಿಯನ್ನೂ ಕೊಟ್ಟವು. ಹೊರಗೋಡೆಗೆ ಕಿಟಕಿ ಕಡಿಮೆ ಇದ್ದರೂ ಒಳಗೆ ಉಸಿರುಕಟ್ಟದಿರಲು ಅದೇ ಕಾರಣ. ಈ ವಿಷಯದಲ್ಲಿ ನಮ್ಮ ಗೌಂಡಿಗಳೇ ಜಾಣರು ಎಂದು ನನ್ನ ಅಭಿಪ್ರಾಯ.

ಇನ್ನು ಕಟ್ಟಡ. ನಮ್ಮ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದಕ್ಕೇ ಗಟ್ಟಿ ನೆಲ ಸಿಗುವತನಕ ಬುನಾದಿ ಅಗೆಯಬೇಕು. ಮೇಲೆ ಕರಿಕಲ್ಲಿನ ದಪ್ಪ ಗೋಡೆ: ಎರಡೂ ಮುಖಕ್ಕೆ ಕಲ್ಲು, ನಡುವೆ ಚಿಪ್ಪುಕಲ್ಲು, ಮಣ್ಣು. ಸುಣ್ಣವನ್ನು ಎತ್ತು ಹೂಡಿದ ಗಾಣದಲ್ಲಿ ಉಸುಕು ಬೆರೆಸಿ ಅರೆದರೆ ಗಚ್ಚು. ಆದರೆ ಮಾಳಿಗೆಯ ಭಾರ ಹೊರುವುದು ಹೆಚ್ಚಾಗಿ ಕಟ್ಟಿಗೆಯ ಕಂಬ, ತೊಲೆ. ಗೋಡೆ ಒಂದೆಡೆ ಕುಸಿದರೂ ಮಾಳಿಗೆ ನಿಂತಿರುವುದನ್ನು ನೀವು ಕಾಣಬಹುದು. ಕಂಬದ ಬುಡದಲ್ಲಿ ಬೆರಳಾಡಿಸಿರಿ, ಕಟ್ಟಿಗೆ ನೆಲ ಮುಟ್ಟಿರುವುದಿಲ್ಲ. ಕಲ್ಲಿನ ಕುಂಭದ ಮೇಲೆ ಕೂತಿರುತ್ತದೆ. ತಂಪಿಗೂ ಗೆದ್ದಲಿಗೂ ಅದೇ ತಡೆ.

ಹಂಚಿನ ಮೇಲಿನ ಅಚ್ಚನ್ನೂ ಓದಿರಿ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಂಚಿನ ಮೇಲೆ 1865 ಎಂದು ಕಂಡರೆ ಅದು ಕಾರ್ಖಾನೆಯ ಇಸವಿ. ವಾಡೆಯ ವಯಸ್ಸನ್ನು ಅದರಿಂದ ಲೆಕ್ಕ ಹಾಕಬೇಡಿರಿ. ಹಳೆಯ ಮಣ್ಣಿನ ಮಾಳಿಗೆ ತೆಗೆದು ಹಂಚು ಹೊದಿಸಿದ್ದೂ ಇರಬಹುದು.